'ಸ್ಕಿಡ್ಯಾಡಲ್': ಒಂದು ಪಲಾಯನವಾಚಕ ಕ್ರಿಯಾಪದದ ಹುಟ್ಟು, ಅರ್ಥ ಮತ್ತು ಬಳಕೆ

ಇಂಗ್ಲಿಷ್ ಭಾಷೆಯಲ್ಲಿ ಅವಸರದ ಚಲನೆಯನ್ನು ಸೂಚಿಸುವ ಕ್ರಿಯಾಪದಗಳ ಸಂಪತ್ತು ದೊಡ್ಡದು. ರನ್, ಹರಿ, ಹೇಸ್ಟನ್, ರಶ್ ಮೊದಲಾದ ಶಿಷ್ಟ ಪದಗಳು ಶಾಲೆಯ ಪಠ್ಯಗಳ ಮೂಲಕ ಎಲ್ಲರಿಗೂ ಪರಿಚಿತವಾಗಿವೆ. ಇವುಗಳ ಬೆನ್ನಿಗೆ, ನಿಘಂಟುಗಳಲ್ಲಿ 'ಆಡುಮಾತು' ಅಥವಾ 'ಗ್ರಾಮ್ಯ' ಎಂಬ ಗುರುತಿನೊಡನೆ ನಿಂತಿರುವ ಮತ್ತೊಂದು ಪದಸಮೂಹವಿದೆ. ಅದರಲ್ಲಿ 'ಸ್ಕಿಡ್ಯಾಡಲ್' ಎಂಬುದು ವಿಲಕ್ಷಣವಾದ ಪದ. ಕೇಳಿದೊಡನೆ ನಗು ಬರಿಸುವ, ಮಕ್ಕಳ ಬಾಯಿಯಿಂದ ಉದುರಿದಂತೆ ತೋರುವ ಈ ಪದ ಪ್ರಚಾರಕ್ಕೆ ಬಂದದ್ದು ಮಾತ್ರ ಯುದ್ಧಭೂಮಿಯ ನೆರಳಿನಲ್ಲಿ, ಅಮೆರಿಕದ ಅಂತರ್ಯುದ್ಧದ ಮೊದಲ ವರ್ಷವಾದ 1861ರಲ್ಲಿ. ಅಂದಿನಿಂದ ಇಂದಿನವರೆಗೂ ಇದರ ಮೂಲದ ಬಗೆಗೆ ಜಿಜ್ಞಾಸೆ ನಿಂತಿಲ್ಲ. ಒಂದು ಪದದ ಹುಟ್ಟನ್ನು ಕುರಿತು ಜನರೂ ಪಂಡಿತರೂ ಕಥೆ ಕಟ್ಟುವ ಬಗೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮೊದಲು ಅರ್ಥದ ವಿಚಾರ. 'ಸ್ಕಿಡ್ಯಾಡಲ್' ಎಂದರೆ ಬರಿದೆ ಓಡುವುದಲ್ಲ; ಇರುವ ಜಾಗವನ್ನು ಬಿಟ್ಟು ಓಡುವುದು. ಓಟದ ಸ್ಪರ್ಧೆಯಲ್ಲಿ ಗುರಿಯತ್ತ ಓಡುವವನಿಗೆ ಈ ಕ್ರಿಯಾಪದ ಸಲ್ಲುವುದಿಲ್ಲ. ರೈಲು ತಪ್ಪೀತೆಂದು ನಿಲ್ದಾಣದ ಕಡೆಗೆ ಧಾವಿಸುವವನಿಗೂ ಅಷ್ಟಾಗಿ ಒಪ್ಪುವುದಿಲ್ಲ. ಇಲ್ಲಿ ಮುಖ್ಯವಾದುದು ತಲುಪುವ ಸ್ಥಳವಲ್ಲ, ತೊರೆಯುವ ಸ್ಥಳ. ಹಿಂದಿನಿಂದ ಏನೋ ಅಟ್ಟಿಕೊಂಡು ಬರುತ್ತಿದೆ ಅಥವಾ ಬರಬಹುದು ಎಂಬ ಭಾವ ಪದದೊಳಗೇ ಅಡಗಿದೆ. ಅದರೊಡನೆ ಚದುರುವಿಕೆಯ ಅರ್ಥಚ್ಛಾಯೆಯೊಂದಿದೆ: ಶಿಸ್ತಿನಿಂದ ಸಾಲುಗಟ್ಟಿ ಹಿಂದೆಗೆಯುವ ಸೈನ್ಯ 'ರಿಟ್ರೀಟ್' ಮಾಡುತ್ತದೆ, ದಿಕ್ಕಿಗೊಬ್ಬರಂತೆ ಬಿದ್ದು ಎದ್ದು ಓಡುವ ಸೈನ್ಯ 'ಸ್ಕಿಡ್ಯಾಡಲ್' ಮಾಡುತ್ತದೆ. ಮೂರನೆಯ ಅಂಶವೇ ಈ ಪದದ ಜೀವಾಳ. ಇದನ್ನು ಬಳಸುವವನು ಓಡುವವನಲ್ಲ, ನೋಡುವವನು. ಓಡುವವನ ಭಯವನ್ನು ದೂರದಿಂದ ಕಂಡು ನಗುವವನ ಮಾತು ಇದು.

ವ್ಯಾಕರಣದ ದೃಷ್ಟಿಯಿಂದ ಇದು ಅಕರ್ಮಕ ಕ್ರಿಯಾಪದ. ಭೂತಕಾಲದ ರೂಪವೂ ಕೃದಂತ ರೂಪಗಳೂ ಇಂಗ್ಲಿಷಿನ ಸಾಮಾನ್ಯ ನಿಯಮದಂತೆಯೇ ನಡೆಯುತ್ತವೆ. ಬಹುಬೇಗನೆ ಇದು ನಾಮಪದವಾಗಿಯೂ ಬಳಕೆಗೆ ಬಂದಿತು. ಓಡಿಹೋದ ಘಟನೆಯೇ 'ಒಂದು ಸ್ಕಿಡ್ಯಾಡಲ್' ಎನಿಸಿಕೊಂಡಿತು, ಓಡಿದವನು 'ಸ್ಕಿಡ್ಯಾಡ್ಲರ್' ಆದ. ಉಚ್ಚಾರದಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಆರಂಭದ ದಿನಗಳಲ್ಲಿ ಕಾಗುಣಿತ ಸ್ಥಿರವಾಗಿರಲಿಲ್ಲ; ಒಂದೇ 'ಡ', ಎರಡು 'ಡ', ಹ್ರಸ್ವ ಸ್ವರ, ದೀರ್ಘ ಸ್ವರ ಹೀಗೆ ಪತ್ರಿಕೆಯಿಂದ ಪತ್ರಿಕೆಗೆ ಬರವಣಿಗೆ ಬದಲಾಗುತ್ತಿತ್ತು. ಕಿವಿಯಿಂದ ಕಿವಿಗೆ ಹರಡಿದ ಪದವನ್ನು ಅಕ್ಷರಕ್ಕಿಳಿಸಲು ಹೊರಟವರ ತಡಕಾಟ ಇದು. ಪುಸ್ತಕದಿಂದ ಬಂದ ಪದವಾಗಿದ್ದರೆ ಇಷ್ಟು ರೂಪಗಳಿಗೆ ಅವಕಾಶವಿರುತ್ತಿರಲಿಲ್ಲವೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಪದವು ಕಾಣಿಸಿಕೊಂಡ ಸಂದರ್ಭವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. 1861ರ ಜುಲೈ 21ರಂದು ವರ್ಜೀನಿಯಾದ ಮನಾಸಸ್ ಬಳಿ, ಬುಲ್ ರನ್ ಎಂಬ ತೊರೆಯ ದಡದಲ್ಲಿ, ಅಂತರ್ಯುದ್ಧದ ಮೊದಲ ದೊಡ್ಡ ಕದನ ನಡೆಯಿತು. ಉತ್ತರದ ಒಕ್ಕೂಟ ಸೇನೆಯನ್ನು ಜನರಲ್ ಇರ್ವಿನ್ ಮೆಕ್‌ಡೊವೆಲ್ ಮುನ್ನಡೆಸಿದ್ದರು. ದಕ್ಷಿಣದ ಕಾನ್ಫೆಡರೇಟ್ ಸೇನೆಯ ಕಡೆ ಬೋರಿಗಾರ್ಡ್ ಮತ್ತು ಜೋಸೆಫ್ ಜಾನ್‌ಸ್ಟನ್ ಇದ್ದರು. ಒಕ್ಕೂಟದ ಕಡೆಯ ಸೈನಿಕರಲ್ಲಿ ಬಹುಮಂದಿ ಮೂರು ತಿಂಗಳ ಅವಧಿಗೆಂದು ಸೇರಿದ ಹೊಸಬರು. ಬಂದೂಕು ಹಿಡಿಯುವುದನ್ನು ಆಗತಾನೆ ಕಲಿತಿದ್ದ ರೈತರು, ಗುಮಾಸ್ತರು, ಕುಶಲಕರ್ಮಿಗಳು. ಒಂದೇ ಕದನದಲ್ಲಿ ಬಂಡಾಯ ಮುಗಿದುಹೋಗುತ್ತದೆಂಬ ನಂಬಿಕೆ ರಾಜಧಾನಿಯಲ್ಲಿ ಎಷ್ಟು ಬಲವಾಗಿತ್ತೆಂದರೆ, ಸುಮಾರು 40 ಕಿಲೋಮೀಟರ್ ದೂರದ ವಾಷಿಂಗ್ಟನ್ನಿನಿಂದ ಸಂಸತ್ ಸದಸ್ಯರೂ ನಾಗರಿಕರೂ ಬುತ್ತಿ ಕಟ್ಟಿಕೊಂಡು ಗಾಡಿಗಳಲ್ಲಿ ಯುದ್ಧ ನೋಡಲು ಹೋಗಿದ್ದರು. ಮಧ್ಯಾಹ್ನದ ನಂತರ ಕದನದ ಗತಿ ತಿರುಗಿತು. ಹಿಂದೆಗೆತ ಕೆಲವೇ ಹೊತ್ತಿನಲ್ಲಿ ಗಾಬರಿಯ ಓಟವಾಯಿತು. ಸೈನಿಕರು, ಫಿರಂಗಿಬಂಡಿಗಳು, ಪ್ರೇಕ್ಷಕರ ಸಾರೋಟುಗಳು ಒಂದೇ ಇಕ್ಕಟ್ಟಾದ ರಸ್ತೆಯಲ್ಲಿ ಸಿಕ್ಕಿಕೊಂಡವು. ನ್ಯೂಯಾರ್ಕಿನ ಸಂಸತ್ ಸದಸ್ಯ ಆಲ್ಫ್ರೆಡ್ ಈಲಿ ಶತ್ರುಗಳ ಕೈಗೆ ಸೆರೆಸಿಕ್ಕರು. ಎರಡೂ ಕಡೆ ಸೇರಿ 800ಕ್ಕೂ ಹೆಚ್ಚು ಮಂದಿ ಅಂದು ಮಡಿದರು.

ಈ ಓಟವನ್ನು ಜಗತ್ತಿಗೆ ತಿಳಿಸಿದವರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ವರದಿಗಾರ ವಿಲಿಯಂ ಹೋವರ್ಡ್ ರಸೆಲ್ ಪ್ರಮುಖರು. ಕ್ರಿಮಿಯಾ ಯುದ್ಧದ ವರದಿಗಳಿಂದ ಹೆಸರಾಗಿದ್ದ ಇವರು 1858ರಲ್ಲಿ ಭಾರತಕ್ಕೂ ಬಂದು ಲಖನೌ ಪತನದ ವೃತ್ತಾಂತವನ್ನು ಬರೆದಿದ್ದರು. ಬುಲ್ ರನ್ನಿನ ಅವ್ಯವಸ್ಥೆಯನ್ನು ಕಂಡಂತೆ ಬರೆದುದಕ್ಕಾಗಿ ಉತ್ತರದ ಜನ ಕೆರಳಿದರು. ಅವರಿಗೆ 'ಬುಲ್ ರನ್ ರಸೆಲ್' ಎಂಬ ಅಡ್ಡಹೆಸರು ಅಂಟಿತು. ಮರುವರ್ಷವೇ ಅವರು ಅಮೆರಿಕವನ್ನು ಬಿಟ್ಟು ಹೋಗಬೇಕಾಯಿತು. ಓಡಿದವರಿಗಿಂತ ಓಟವನ್ನು ಬರೆದವನ ಮೇಲೆ ಸಿಟ್ಟು ಹೆಚ್ಚಾಗುವುದು ಹೊಸದೇನೂ ಅಲ್ಲ.

ಬುಲ್ ರನ್ ಪಲಾಯನವನ್ನು 'ಮಹಾ ಸ್ಕಿಡ್ಯಾಡಲ್' ಎಂದು ಕರೆಯುವ ರೂಢಿ ಬೆಳೆಯಿತು. ಇದರಿಂದಾಗಿ ಪದವೇ ಆ ದಿನ, ಆ ರಸ್ತೆಯಲ್ಲಿ ಹುಟ್ಟಿತೆಂಬ ನಂಬಿಕೆ ಜನಪ್ರಿಯ ಬರಹಗಳಲ್ಲಿ ಸಾಮಾನ್ಯವಾಗಿದೆ. ಆದರೆ ದಾಖಲೆ ಹೇಳುವುದು ಬೇರೆ. ನಿಘಂಟುಕಾರರು ಗುರುತಿಸಿರುವ ಮೊದಲ ಮುದ್ರಿತ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು 1861ರ ಆಗಸ್ಟ್ 10ರ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯದು, ಎಂದರೆ ಕದನ ನಡೆದು ಮೂರು ವಾರಗಳ ನಂತರದ್ದು. ಅಲ್ಲಿ ಓಡಿದವರು ಒಕ್ಕೂಟದ ಸೈನಿಕರಲ್ಲ, ಅವರ ಎದುರಾಳಿಗಳಾದ ದಕ್ಷಿಣದವರು. ವರದಿಗಾರನು ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಅಪಾಯದ ಹೊತ್ತಿನಲ್ಲಿ ಶತ್ರುಗಳು ತಮ್ಮ ಕಾಲುಗಳನ್ನು ಚೆನ್ನಾಗಿ ಬಳಸಿಕೊಳ್ಳುವುದಕ್ಕೆ ನಮ್ಮ ಕಡೆಯ ಹುಡುಗರು ಹೀಗೆನ್ನುತ್ತಾರೆ ಎಂಬರ್ಥದ ವಿವರಣೆಯನ್ನೂ ಕೊಟ್ಟಿದ್ದಾನೆ. ಈ ವಿವರಣೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಪದವು ಆಗಲೇ ಸೈನಿಕರ ಬಾಯಲ್ಲಿತ್ತು. ಓದುಗರಿಗೆ ಮಾತ್ರ ಹೊಸದಾಗಿತ್ತು. ಮೂರು ವಾರಗಳ ಹಿಂದೆಯಷ್ಟೇ ತಾವೇ ಓಡಿಬಂದಿದ್ದ ಸೈನ್ಯ ಈಗ ಎದುರಾಳಿಯ ಓಟಕ್ಕೆ ಹೆಸರಿಟ್ಟು ನಗುತ್ತಿದೆ. ಬುಲ್ ರನ್ನಿನ ಅವಮಾನವನ್ನು ತೊಳೆದುಕೊಳ್ಳುವ ಬಯಕೆ ಈ ನಗೆಯ ಹಿಂದೆ ಇರಲಾರದೆಂದು ಹೇಳುವುದು ಕಷ್ಟ. ಪದ ಮುಂದೆ ಎರಡೂ ಕಡೆಗೂ ಅನ್ವಯವಾಯಿತು; ಎಸೆದ ಕಲ್ಲು ತಿರುಗಿ ಬಂದು ಎಸೆದವನ ಅಂಗಳಕ್ಕೇ ಬಿದ್ದಿತು.

ಇನ್ನು ನಿರುಕ್ತಿಯ ವಿಚಾರ. ಪದ ಪ್ರಚಾರಕ್ಕೆ ಬಂದು ವರ್ಷ ತುಂಬುವುದರೊಳಗೆ ಅದಕ್ಕೆ ವಂಶಾವಳಿಗಳನ್ನು ಹುಡುಕುವ ಕಾರ್ಯ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಆರಂಭವಾಯಿತು. ಗ್ರೀಕ್ ಬಲ್ಲವರು ಇದನ್ನು 'ಚದುರಿಸು' ಎಂಬರ್ಥದ 'ಸ್ಕೆದಾನ್ನುಮಿ' ಎಂಬ ಧಾತುವಿಗೆ ಜೋಡಿಸಿದರು. ಆ ಧಾತು ಹೋಮರನ ಕಾವ್ಯದಲ್ಲಿ ಸೈನ್ಯ ಚದುರುವ ಸಂದರ್ಭಗಳಲ್ಲಿ ಬರುವುದು ನಿಜ. ಧ್ವನಿಯೂ ಅರ್ಥವೂ ಕೂಡಿಬಂದುದರಿಂದ ಈ ವಾದ ಬಹುಜನಪ್ರಿಯವಾಯಿತು. ಐರಿಶ್ ಮೂಲದವರು ತಮ್ಮ ಭಾಷೆಯ ಎರಡು ಪದಗಳು ಕೂಡಿ 'ಪೂರ್ತಿಯಾಗಿ ಚದುರಿದ' ಎಂಬರ್ಥದಲ್ಲಿ ಇದು ಹುಟ್ಟಿತೆಂದರು. ಸ್ವೀಡಿಶ್ ಮತ್ತು ಡ್ಯಾನಿಶ್ ಭಾಷೆಗಳಲ್ಲಿ ಇಂಥದೇ ಪದವಿದೆಯೆಂಬ ಹೇಳಿಕೆಯೂ ನಿಘಂಟುಗಳನ್ನು ಹೊಕ್ಕಿತು. ಆ ಭಾಷೆಗಳಲ್ಲಿ ಹುಡುಕಿದವರಿಗೆ ಮಾತ್ರ ಪದ ಸಿಗಲಿಲ್ಲ. ಸ್ಕಾಟ್ಲೆಂಡಿನ ಡಮ್‌ಫ್ರೀಸ್ ಸೀಮೆಯಲ್ಲಿ ಹಾಲನ್ನು ತುಳುಕಿಸುವುದಕ್ಕೆ, ಗಾಡಿಯಿಂದ ಆಲೂಗಡ್ಡೆಯೋ ಕಲ್ಲಿದ್ದಲೋ ಉದುರಿ ಚೆಲ್ಲುವುದಕ್ಕೆ ಈ ಮಾತು ಬಳಕೆಯಲ್ಲಿತ್ತೆಂಬ ವಾದವೂ ಲಂಡನ್ನಿನ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು.

ಇಂಥ ಚರ್ಚೆಗಳು ಆ ಕಾಲದ ವಿದ್ಯಾವಂತರಿಗೆ ಪ್ರಿಯವಾದ ಕಾಲಕ್ಷೇಪವಾಗಿದ್ದವು. 'ಫೋಕ್‌ಲೋರ್' ಎಂಬ ಪದವನ್ನೇ 1846ರಲ್ಲಿ ಟಂಕಿಸಿದ ವಿಲಿಯಂ ಥಾಮ್ಸ್ 1849ರಲ್ಲಿ ಆರಂಭಿಸಿದ 'ನೋಟ್ಸ್ ಅಂಡ್ ಕ್ವೆರೀಸ್' ಪತ್ರಿಕೆ ಪದಮೂಲ ಮತ್ತು ಲೋಕರೂಢಿಗಳ ಇಂಥ ಪ್ರಶ್ನೋತ್ತರಗಳಿಗೆಂದೇ ಮೀಸಲಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಜಾನಪದ ಅಧ್ಯಯನವೂ ಪದಮೂಲದ ಕುತೂಹಲವೂ ಒಂದೇ ಜಗುಲಿಯ ಮೇಲೆ ಬೆಳೆದ ಮಕ್ಕಳು.

ಜರ್ಮನ್ ವಿದ್ವಾಂಸ ಅರ್ನ್ಸ್ಟ್ ಫೋರ್ಸ್ಟೆಮನ್ 1852ರಲ್ಲಿ 'ಜನಪದ ನಿರುಕ್ತಿ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಅರ್ಥವಾಗದ ಪದವನ್ನು ಸಾಮಾನ್ಯ ಜನರು ತಮಗೆ ಪರಿಚಿತವಾದ ಪದದ ಆಕಾರಕ್ಕೆ ತಿರುಗಿಸಿಕೊಳ್ಳುವ ಪ್ರಕ್ರಿಯೆಯನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. 'ಸ್ಕಿಡ್ಯಾಡಲ್' ಪದದ ವಿಷಯದಲ್ಲಿ ನಡೆದುದು ಇದರ ತಲೆಕೆಳಗಾದ ರೂಪ. ಇಲ್ಲಿ ಜನರಿಗೆ ಯಾವ ಗೊಂದಲವೂ ಇರಲಿಲ್ಲ. ಪದ ಅವರದೇ, ಅರ್ಥವೂ ಅವರಿಗೆ ಸ್ಪಷ್ಟ. ಗೊಂದಲಕ್ಕೊಳಗಾದವರು ಪಂಡಿತರು. ಸೈನಿಕರ ಬಿಡಾರದಿಂದ ಬಂದ ಪದಕ್ಕೆ ತನ್ನದೇ ಆದ ಹುಟ್ಟು ಇರಬಹುದೆಂದು ಒಪ್ಪಲು ಅವರ ಮನಸ್ಸು ಸಿದ್ಧವಿರಲಿಲ್ಲ. ಆದ್ದರಿಂದ ಅದನ್ನು ಹೋಮರನ ಮನೆಗೆ ದತ್ತು ಕೊಟ್ಟರು. ಗ್ರೀಕ್ ಧಾತು ಮೂರು ತಿಂಗಳ ಸೈನಿಕನ ನಾಲಗೆಗೆ ಬಂದ ದಾರಿ ಯಾವುದು, ನಡುವಿನ ಎರಡೂವರೆ ಸಾವಿರ ವರ್ಷ ಅದು ಎಲ್ಲಿತ್ತು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. ಕಾಗುಣಿತದ ಅಸ್ಥಿರತೆಯೂ ಈ ವಾದಕ್ಕೆ ವಿರುದ್ಧವಾದ ಸಾಕ್ಷ್ಯ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಸ್ಥಳನಾಮಗಳಿಗೂ ಕುಲನಾಮಗಳಿಗೂ ಸಂಸ್ಕೃತ ಮೂಲವನ್ನು ಹೊಂದಿಸುವ ಪ್ರವೃತ್ತಿಯನ್ನು ಬಲ್ಲ ಕನ್ನಡ ಸಂಶೋಧಕರಿಗೆ ಈ ಬಗೆಯ ತರ್ಕ ಅಪರಿಚಿತವೇನಲ್ಲ.

ಹಾಗಾದರೆ ಒಪ್ಪಬಹುದಾದ ವಿವರಣೆ ಯಾವುದು? ಆಕ್ಸ್‌ಫರ್ಡ್ ನಿಘಂಟಿನ ಪರಂಪರೆ ಇದನ್ನು ಬಹುಶಃ ಕಲ್ಪನೆಯಿಂದ ಕಟ್ಟಿದ ಪದವೆಂದು ಹೇಳಿ ಸುಮ್ಮನಾಗುತ್ತದೆ. ಇದಕ್ಕಿಂತ ಮುಂದೆ ಹೋದವರು ಅನಾತೊಲಿ ಲಿಬರ್ಮನ್. 2008ರಲ್ಲಿ ಪ್ರಕಟವಾದ ಇಂಗ್ಲಿಷ್ ನಿರುಕ್ತಿಯ ವಿಶ್ಲೇಷಣಾತ್ಮಕ ನಿಘಂಟಿನಲ್ಲಿ ಅವರು ಮೂಲ ಸ್ಪಷ್ಟವಿಲ್ಲದ ಕೆಲವೇ ಪದಗಳನ್ನು ಆಯ್ದುಕೊಂಡು ದೀರ್ಘವಾಗಿ ಚರ್ಚಿಸಿದ್ದಾರೆ. ಅವುಗಳಲ್ಲಿ ಇದೂ ಒಂದು. ಬ್ರಿಟನ್ನಿನ ಉಪಭಾಷೆಗಳಲ್ಲಿ ಹೆದರುವ, ಬೆದರಿ ಓಡುವ ಅರ್ಥದ 'ಸ್ಕ್ಯಾಡಲ್' ಎಂಬ ಪದವಿದೆ. ಜೋಸೆಫ್ ರೈಟ್ ಸಂಪಾದಿಸಿದ ಆರು ಸಂಪುಟಗಳ 'ಇಂಗ್ಲಿಷ್ ಉಪಭಾಷಾ ನಿಘಂಟು' (1898-1905) ಅದನ್ನು ದಾಖಲಿಸಿದೆ. ಈ ಎರಡಕ್ಷರದ ಪದದ ನಡುವೆ ಹೆಚ್ಚುವರಿ ಅಕ್ಷರವೊಂದು ಸೇರಿ ಮೂರಕ್ಷರದ 'ಸ್ಕಿಡ್ಯಾಡಲ್' ಆಯಿತೆಂಬುದು ಲಿಬರ್ಮನ್ನರ ವಾದ. ಪದವನ್ನು ಹಿಗ್ಗಿಸಿ ಹಾಸ್ಯದ ಪರಿಣಾಮ ಪಡೆಯುವುದು ಆಡುಮಾತಿನ ಹಳೆಯ ಉಪಾಯ. ಬೆದರುವ ಕುದುರೆಯ ಮಾತು ಬೆದರಿದ ಸೈನಿಕನ ಮಾತಾದುದು, ಹಳ್ಳಿಗಾಡಿನಿಂದ ಬಂದವರೇ ತುಂಬಿದ್ದ ಸೈನ್ಯದಲ್ಲಿ ಸಹಜವೂ ಹೌದು. ಇದನ್ನು ಅಂತಿಮ ತೀರ್ಮಾನವೆಂದು ಹೇಳಲಾಗದಿದ್ದರೂ, ಗ್ರೀಕ್ ವಾದಕ್ಕಿಲ್ಲದ ಒಂದು ಗುಣ ಇದಕ್ಕಿದೆ: ಪದ ನಡೆದುಬಂದ ದಾರಿಯನ್ನು ಇದು ತೋರಿಸುತ್ತದೆ.

ಪದದ ಧ್ವನಿರೂಪವೂ ಅದರ ಅರ್ಥವನ್ನು ಎತ್ತಿಹಿಡಿಯುತ್ತದೆ. ಇಂಗ್ಲಿಷಿನಲ್ಲಿ 'ಸ್ಕ' ಧ್ವನಿಯಿಂದ ಆರಂಭವಾಗುವ ಸ್ಕರಿ, ಸ್ಕಟಲ್, ಸ್ಕ್ಯಾಂಪರ್, ಸ್ಕೂಟ್, ಸ್ಕಡ್, ಸ್ಕ್ಯಾಟರ್, ಸ್ಕಿಪ್ ಎಂಬ ಕ್ರಿಯಾಪದಗಳನ್ನು ಒಟ್ಟಿಗಿರಿಸಿ ನೋಡಿದರೆ ಎಲ್ಲದರಲ್ಲಿಯೂ ಲಘುವಾದ, ಚುರುಕಾದ, ಹೆಚ್ಚಿನವುಗಳಲ್ಲಿ ಗಾಬರಿಯಿಂದ ಕೂಡಿದ ಚಲನೆ ಇದೆ. ಇವುಗಳ ಮೂಲ ಒಂದೇ ಅಲ್ಲ. ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಭಾಷೆಗಳಿಂದ ಬಂದು ಧ್ವನಿಸಾಮ್ಯದಿಂದ ಬಳಗ ಕಟ್ಟಿಕೊಂಡ ಪದಗಳಿವು. ಹೀಗೆ ಧ್ವನಿಗುಚ್ಛವೊಂದು ಅರ್ಥದ ಸೂಚನೆಯನ್ನು ಹೊರುವ ಸ್ಥಿತಿಯನ್ನು ಗುರುತಿಸಿ 'ಫೋನೆಸ್ತೀಮ್' ಎಂಬ ಪಾರಿಭಾಷಿಕವನ್ನು 1930ರಲ್ಲಿ ರೂಪಿಸಿದವರು ಜೆ.ಆರ್. ಫರ್ತ್. ಇವರು ಅದಕ್ಕೆ ಮೊದಲು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಅನುಕರಣ ಪದಗಳಿಂದ ತುಂಬಿ ತುಳುಕುವ ಭಾರತೀಯ ಭಾಷೆಗಳ ನಡುವೆ ಬಾಳಿದವರ ಕಿವಿಗೆ ಇಂಥ ಸೂಕ್ಷ್ಮ ಸುಲಭವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಪದದ ಉತ್ತರಾರ್ಧಕ್ಕೂ ಇಂಥದೇ ಬಳಗವಿದೆ. ಬಾತುಕೋಳಿಯಂತೆ ಹೊರಳಾಡುತ್ತ ನಡೆಯುವುದನ್ನು ಹೇಳುವ 'ವ್ಯಾಡಲ್', ತಲೆ ಕಲಸಿಹೋಗುವುದನ್ನು ಹೇಳುವ 'ಆ್ಯಡಲ್' ಮುಂತಾದ ಪದಗಳ ಅಂತ್ಯಧ್ವನಿ ಇದರಲ್ಲಿದೆ. ಚುರುಕು ಮುಂದೆ, ತೊಡರು ಹಿಂದೆ; ಓಡಲು ಹೋಗಿ ಎಡವುವವನ ಚಿತ್ರ ಧ್ವನಿಯಲ್ಲಿಯೇ ಮೂಡುತ್ತದೆ.

ಇಲ್ಲಿ ಕನ್ನಡ ಮತ್ತು ಇಂಗ್ಲಿಷಿನ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಅನುಕರಣ ಶಬ್ದಗಳನ್ನು ಅವ್ಯಯಗಳ ಸಾಲಿನಲ್ಲಿ ಪರಿಗಣಿಸಿದ್ದಾನೆ. ಇಂದಿಗೂ ಕನ್ನಡದಲ್ಲಿ ಚಲನೆಯ ರೀತಿಯನ್ನು ಹೇಳುವುದು ಬಹುಮಟ್ಟಿಗೆ ಇಂಥ ಅವ್ಯಯಗಳ ಕೆಲಸ: ಸರಸರನೆ ನಡೆದ, ದಡದಡನೆ ಇಳಿದ, ದಡಬಡಿಸಿ ಎದ್ದ, ಎದ್ದೆನೋ ಬಿದ್ದೆನೋ ಎಂದು ಓಡಿದ. ಕ್ರಿಯಾಪದ ಚಲನೆಯನ್ನಷ್ಟೇ ಹೇಳುತ್ತದೆ, ಅದರ ಬಣ್ಣ ಪಕ್ಕದ ಪದದಲ್ಲಿರುತ್ತದೆ. ಇಂಗ್ಲಿಷ್ ಆ ಬಣ್ಣವನ್ನು ಕ್ರಿಯಾಪದದೊಳಕ್ಕೇ ಎಳೆದುಕೊಳ್ಳುತ್ತದೆ. ಆದಕಾರಣ ಅಲ್ಲಿ ಓಟದ ಪ್ರತಿಯೊಂದು ಬಗೆಗೂ ಪ್ರತ್ಯೇಕ ಕ್ರಿಯಾಪದ ಹುಟ್ಟುತ್ತ ಹೋಗುತ್ತದೆ. ಭಾಷಾಂತರಕಾರ ಅದೇ ಸ್ಥಳದಲ್ಲಿ ಎರಡು ಮೂರು ಪದಗಳನ್ನು ಹೊಂದಿಸಬೇಕಾಗುತ್ತದೆ.

'ಸ್ಕಿಡ್ಯಾಡಲ್' ಒಂಟಿಯಾಗಿ ಬಂದ ಪದವಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕ ಇಂಥ ಪದಗಳ ಟಂಕಸಾಲೆಯಂತಿತ್ತು. 1830ರ ದಶಕದಲ್ಲಿ 'ಆ್ಯಬ್‌ಸ್ಕ್ವಾಟ್ಯುಲೇಟ್' ಎಂಬ ಕೃತಕ ಲ್ಯಾಟಿನ್ ಠೀವಿಯ ಪದ ರಂಗಭೂಮಿ ಮತ್ತು ಪತ್ರಿಕೆಗಳ ಮೂಲಕ ಹರಡಿತು; ಸಾಲ ತೀರಿಸದೆ ಊರು ಬಿಡುವವನನ್ನು ಪಂಡಿತನ ವೇಷದಲ್ಲಿ ಹಾಸ್ಯ ಮಾಡುವ ಮಾತು ಅದು. ಮೆಕ್ಸಿಕೋ ಗಡಿಯ ಸಂಪರ್ಕದಿಂದ ಸ್ಪ್ಯಾನಿಶ್ ಭಾಷೆಯ 'ಹೋಗೋಣ' ಎಂಬ ಕ್ರಿಯಾರೂಪ 'ವಮೂಸ್' ಆಯಿತು. ಬಾಲವನ್ನು ಮೇಲೆತ್ತಿ ಓಡುವ ಪ್ರಾಣಿಗಳನ್ನು ಕಂಡವರು 'ಹೈಟೇಲ್' ಎಂದರು. ಇವೆಲ್ಲಕ್ಕಿಂತ ಕುತೂಹಲಕರವಾದುದು 'ಮೋಸಿ' ಎಂಬ ಪದದ ಗತಿ. 1829ರ ಸುಮಾರಿಗೆ ಕಾಣಿಸಿಕೊಂಡಾಗ ಅದರ ಅರ್ಥ ಅವಸರದಿಂದ ಜಾಗ ಖಾಲಿ ಮಾಡುವುದು. ಇಂದು ಅದು ಯಾವ ಅವಸರವೂ ಇಲ್ಲದೆ ಅಡ್ಡಾಡುವುದನ್ನು ಸೂಚಿಸುತ್ತದೆ. ಒಂದೇ ಪದ ಓಟದಿಂದ ಅಡ್ಡಾಟಕ್ಕೆ ಇಳಿದಿದೆ. 'ಸ್ಕಿಡ್ಯಾಡಲ್' ತನ್ನ ವೇಗವನ್ನು ಉಳಿಸಿಕೊಂಡಿತು, ಭಯವನ್ನು ಕಳೆದುಕೊಂಡಿತು.

ಅಟ್ಲಾಂಟಿಕ್ ದಾಟಲು ಪದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಯುದ್ಧದ ಸುದ್ದಿಗಳೊಡನೆ ಅದು ಬ್ರಿಟನ್ನಿನ ಪತ್ರಿಕೆಗಳಿಗೆ ಬಂದು, ಕೆಲವೇ ವರ್ಷಗಳಲ್ಲಿ ಕಾದಂಬರಿಯೊಳಗೂ ನುಸುಳಿತು. ಆಂಟನಿ ಟ್ರೊಲೋಪ್ 1861ರ ಶರತ್ಕಾಲದಿಂದ 1862ರ ವಸಂತದವರೆಗೆ, ಪದ ಅಮೆರಿಕದಲ್ಲಿ ಕಾವೇರುತ್ತಿದ್ದ ತಿಂಗಳುಗಳಲ್ಲಿಯೇ, ಅಲ್ಲಿ ಪ್ರವಾಸ ಮಾಡುತ್ತಿದ್ದರು. 1867ರಲ್ಲಿ ಪೂರ್ಣಗೊಂಡ ಅವರ 'ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್' ಕಾದಂಬರಿಯಲ್ಲಿ ಲಿಲಿ ಡೇಲ್ ಎಂಬ ಯುವತಿ, ಮದುವೆಯ ಪ್ರಸ್ತಾಪವನ್ನು ತಂದು ನಿರಾಕರಣೆ ಪಡೆದು ಹೊರಟುಹೋದ ಮೇಜರನ ಬಗೆಗೆ ತಾಯಿಗೆ ಹೇಳುವಾಗ, ಕ್ಷಣ ತಡೆದು ಈ ಪದವನ್ನೇ ಬಳಸುತ್ತಾಳೆ. ತಾಯಿ ಬೆರಗಾಗಿ ಇದೆಂಥ ಮಾತೆಂದು ಮಗಳನ್ನು ಆಕ್ಷೇಪಿಸುತ್ತಾಳೆ. ಪದದ ಸಾಮಾಜಿಕ ಸ್ಥಾನವನ್ನು ನಿಘಂಟಿನ ಯಾವ ಟಿಪ್ಪಣಿಯೂ ಇಷ್ಟು ಚೊಕ್ಕವಾಗಿ ಹೇಳಲಾರದು. ಸದ್ಗೃಹಸ್ಥರ ಮನೆಯ ಹೆಣ್ಣುಮಗಳು ಆಡಬಾರದ ಮಾತು, ಆದರೆ ಆಡಿದರೆ ಮನೆ ಮುಳುಗುವಂಥದೂ ಅಲ್ಲ. ಹೊರಟುಹೋದವನು ಒಬ್ಬ ಸೈನ್ಯಾಧಿಕಾರಿ ಎಂಬುದರಲ್ಲಿ ಟ್ರೊಲೋಪರ ತುಂಟತನವೂ ಇದೆ.

ಇಷ್ಟೆಲ್ಲ ಲಘುವಾಗಿ ಕಾಣುವ ಈ ಪದಕ್ಕೆ ಗಂಭೀರವಾದ ಇನ್ನೊಂದು ಮುಖವೂ ಇದೆ. 1862ರ ಬೇಸಿಗೆಯಲ್ಲಿ ಒಕ್ಕೂಟ ಸರ್ಕಾರ ಕಡ್ಡಾಯ ಸೈನ್ಯಭರ್ತಿಯ ಕಡೆಗೆ ಹೆಜ್ಜೆಯಿಟ್ಟಿತು. ಆಗಸ್ಟ್ ತಿಂಗಳಲ್ಲಿ ಭರ್ತಿಗೆ ಅರ್ಹರಾದ ಪುರುಷರು ದೇಶ ಬಿಡಕೂಡದೆಂಬ ಆಜ್ಞೆ ಹೊರಟಿತು. 1863ರ ಮಾರ್ಚ್ 3ರ ಕಾನೂನು ಕಡ್ಡಾಯ ಭರ್ತಿಯನ್ನು ದೇಶವ್ಯಾಪಿಯಾಗಿಸಿತು. ಆ ಕಾನೂನಿನಲ್ಲಿ 300 ಡಾಲರ್ ತೆತ್ತವನಿಗೆ ಅಥವಾ ತನ್ನ ಬದಲು ಇನ್ನೊಬ್ಬನನ್ನು ಒದಗಿಸಿದವನಿಗೆ ವಿನಾಯಿತಿ ಇತ್ತು. 300 ಡಾಲರೆಂದರೆ ಅಂದಿನ ಸಾಧಾರಣ ಕೂಲಿಕಾರನ ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ. ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರ ನಾಲ್ಕು ದಿನ ದಂಗೆಯಲ್ಲಿ ಹೊತ್ತಿ ಉರಿಯಿತು; ದಂಗೆಕೋರರ ಸಿಟ್ಟಿಗೆ ಕರಿಯರು ಬಲಿಯಾದುದು ಆ ಇತಿಹಾಸದ ಅತ್ಯಂತ ಕರಾಳ ಭಾಗ. ಭರ್ತಿಗೆ ಹೆದರಿದ ಅನೇಕರು ಉತ್ತರಕ್ಕೆ ನಡೆದು ಬ್ರಿಟಿಷ್ ವಸಾಹತುಗಳನ್ನು ಸೇರಿದರು. ಮೇನ್ ಪ್ರಾಂತದ ಗಡಿಯಾಚೆಗಿನ ನ್ಯೂ ಬ್ರನ್ಸ್‌ವಿಕ್ ಸೀಮೆಯಲ್ಲಿ ಇಂಥವರಿಗೆ ದೊರೆತ ಹೆಸರೇ 'ಸ್ಕಿಡ್ಯಾಡ್ಲರ್'. ಹಣ ತೆತ್ತು ಮನೆಯಲ್ಲಿ ಉಳಿದವನಿಗೆ ಇಂಥ ಯಾವ ಅಡ್ಡಹೆಸರೂ ಇಷ್ಟು ಗಟ್ಟಿಯಾಗಿ ಅಂಟಲಿಲ್ಲ. ಪದ ಓಡುವ ಕಾಲುಗಳನ್ನು ನೋಡಿತು, ತೆರುವ ಕೈಗಳನ್ನು ನೋಡಲಿಲ್ಲ.

ಸೈನ್ಯವನ್ನು ಸೇರಿದ ಮೇಲೆ ಓಡಿದವರ ಪಾಡು ಇನ್ನೂ ಕಠಿಣ. ಒಕ್ಕೂಟ ಸೇನೆಯಿಂದ ಯುದ್ಧದುದ್ದಕ್ಕೂ ಸುಮಾರು 2 ಲಕ್ಷ ಮಂದಿ ತಪ್ಪಿಸಿಕೊಂಡರೆಂದು ಅಂದಾಜು. ಸೇನಾ ನ್ಯಾಯಾಲಯಗಳ ತೀರ್ಪಿನಂತೆ ಮರಣದಂಡನೆಗೆ ಗುರಿಯಾದ 267 ಮಂದಿಯ ಅಧಿಕೃತ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಅಪರಾಧ ಸೈನ್ಯ ತೊರೆದುದೇ. ಬಿಡಾರದಲ್ಲಿ ನಗೆಯ ಪದ, ನ್ಯಾಯಾಲಯದಲ್ಲಿ ಗುಂಡಿನ ಶಿಕ್ಷೆ. ಎರಡೂ ಒಂದೇ ಕ್ರಿಯೆಯ ಎರಡು ಹೆಸರುಗಳು. ಅಧ್ಯಕ್ಷ ಲಿಂಕನ್ 1863ರ ಮಾರ್ಚ್ 10ರ ಘೋಷಣೆಯಲ್ಲಿ, ಅನುಮತಿಯಿಲ್ಲದೆ ಹೋದವರು ಏಪ್ರಿಲ್ 1ರೊಳಗೆ ಮರಳಿದರೆ ಗೈರುಹಾಜರಿಯ ಅವಧಿಯ ಸಂಬಳವನ್ನು ಬಿಟ್ಟು ಬೇರೆ ಶಿಕ್ಷೆಯಿಲ್ಲವೆಂದು ಸಾರಿದರು. ಎದುರಾಳಿಯ ಮುಂದೆ ಹೆದರಿ ಓಡಿದವರ ಕಡತಗಳನ್ನು ಅವರು 'ಕಾಲಿನ ಪ್ರಕರಣಗಳು' ಎಂದು ಕರೆದು ಬದಿಗಿಡುತ್ತಿದ್ದರೆಂಬ ಪ್ರತೀತಿ ಪ್ರಸಿದ್ಧವಾಗಿದೆ. ದೇವರು ಒಬ್ಬನಿಗೆ ಹೇಡಿಕಾಲುಗಳನ್ನು ಕೊಟ್ಟರೆ ಅವು ಅವನನ್ನು ಹೊತ್ತುಕೊಂಡು ಓಡುವುದಕ್ಕೆ ಅವನೇನು ಮಾಡಿಯಾನು ಎಂಬುದು ಆ ಪ್ರತೀತಿಯ ಸಾರ. ಕನ್ನಡದ 'ಕಾಲಿಗೆ ಬುದ್ಧಿ ಹೇಳು' ಎಂಬ ನುಡಿಗಟ್ಟು ಇಲ್ಲಿ ತಾನಾಗಿ ನೆನಪಿಗೆ ಬರುತ್ತದೆ. ಕನ್ನಡದಲ್ಲಿ ಮನುಷ್ಯ ಕಾಲಿಗೆ ಬುದ್ಧಿ ಹೇಳುತ್ತಾನೆ. ಲಿಂಕನ್ನರ ಮಾತಿನಲ್ಲಿ ಕಾಲು ಮನುಷ್ಯನ ಬುದ್ಧಿಯನ್ನು ಕೇಳುವುದೇ ಇಲ್ಲ. ಮೊದಲನೆಯದರಲ್ಲಿ ಓಟ ಜಾಣತನ, ಎರಡನೆಯದರಲ್ಲಿ ಅದು ಕ್ಷಮಿಸಬಹುದಾದ ದೌರ್ಬಲ್ಯ. 'ಸ್ಕಿಡ್ಯಾಡಲ್' ಇವೆರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. 1865ರ ಮಾರ್ಚ್ 3ರ ಕಾನೂನಾದರೋ ಮರಳದೆ ಉಳಿದವರ ಪೌರತ್ವದ ಹಕ್ಕುಗಳನ್ನೇ ಕಿತ್ತುಕೊಂಡಿತು.

ಕನ್ನಡದಲ್ಲಿ ಈ ಪದಕ್ಕೆ ಸಂವಾದಿಯನ್ನು ಹುಡುಕುವಾಗ ಸಂದರ್ಭವೇ ನಿರ್ಣಾಯಕ. 'ಪಲಾಯನ' ಗ್ರಂಥಸ್ಥವಾದುದು, ನಗೆ ಅದರಲ್ಲಿಲ್ಲ. ಪಾರ್ಸಿ ಮೂಲದಿಂದ ಬಂದ 'ಪರಾರಿ'ಯಲ್ಲಿ ಪೊಲೀಸು ಕಡತದ ವಾಸನೆಯಿದೆ. ನ್ಯೂ ಬ್ರನ್ಸ್‌ವಿಕ್ಕಿಗೆ ಹೋದವರಿಗೆ ಅದು ಕಾನೂನಿನ ದೃಷ್ಟಿಯಿಂದ ಹೊಂದೀತು. 'ಓಟ ಕೀಳು', 'ಪೇರಿ ಕೀಳು', 'ಕಂಬಿ ಕೀಳು' ಎಂಬ ನುಡಿಗಟ್ಟುಗಳು ಧ್ವನಿಯಲ್ಲಿಯೂ ಧಾಟಿಯಲ್ಲಿಯೂ ಹತ್ತಿರ ಬರುತ್ತವೆ. ಇವುಗಳಲ್ಲಿ ಮೂಡುವ ಕೀಳುವ ಕ್ರಿಯೆ, ಇರುವ ನೆಲೆಯಿಂದ ತನ್ನನ್ನು ತಾನೇ ಬೇರುಸಹಿತ ಎಬ್ಬಿಸಿಕೊಳ್ಳುವ ಭಾವವನ್ನು ಕೊಡುತ್ತದೆ. ಟ್ರೊಲೋಪರ ಕಾದಂಬರಿಯ ಯುವತಿಯ ಬಾಯಿಗೆ ಇವುಗಳಲ್ಲಿ ಯಾವುದನ್ನು ಹಾಕಿದರೂ ತಾಯಿಯ ಆಕ್ಷೇಪಣೆ ಕನ್ನಡದಲ್ಲಿಯೂ ಹಾಗೆಯೇ ನಿಲ್ಲುತ್ತದೆ.

ಇಂದಿನ ಇಂಗ್ಲಿಷಿನಲ್ಲಿ ಪದವು ಹೆಚ್ಚಾಗಿ ಕೇಳಿಬರುವುದು ಮಕ್ಕಳನ್ನು ಕುರಿತ ಆಜ್ಞಾರ್ಥಕ ರೂಪದಲ್ಲಿ. ಅಡುಗೆಮನೆಯಲ್ಲಿ ಕಾಲಿಗೆ ತೊಡರುವ ಮಗುವಿಗೆ, ತೋಟಕ್ಕೆ ನುಗ್ಗಿದ ಬೆಕ್ಕಿಗೆ ಹಿರಿಯರು ಪ್ರೀತಿಯ ಗದರಿಕೆಯಲ್ಲಿ ಇದನ್ನು ಹೇಳುತ್ತಾರೆ. ಕೂಟದಿಂದ ಬೇಗನೆ ಏಳಬೇಕಾದ ಅತಿಥಿ ತನ್ನ ಬಗೆಗೆ ತಾನೇ ಹೇಳಿಕೊಳ್ಳುವುದುಂಟು. ನೋಡುವವನ ಮಾತಾಗಿದ್ದ ಪದ ಹೀಗೆ ಹೊರಡುವವನ ಮಾತೂ ಆಗಿದೆ. ನ್ಯಾಯಾಲಯದ ವರದಿಯಲ್ಲಿ, ಶೋಕವಾರ್ತೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಯುದ್ಧದಿಂದ ಗುಳೆಯೆದ್ದ ಜನರ ಬಗೆಗೆ ಇದನ್ನು ಬಳಸಿದರೆ ಅದು ಕ್ರೂರವೆನಿಸುತ್ತದೆ. ನ್ಯೂ ಬ್ರನ್ಸ್‌ವಿಕ್ಕಿನ ಕಾರ್ಲ್‌ಟನ್ ಜಿಲ್ಲೆಯಲ್ಲಿ, ಭರ್ತಿಯಿಂದ ತಪ್ಪಿಸಿಕೊಂಡು ಬಂದವರು ನೆಲೆಸಿದ ದಿಬ್ಬಕ್ಕೆ ಮಾತ್ರ 'ಸ್ಕಿಡ್ಯಾಡಲ್ ರಿಜ್' ಎಂಬ ಹೆಸರು ಉಳಿದಿದೆ. ಓಡಿಬಂದವರು ಕಾಡು ಕಡಿದು, ಹೊಲ ಮಾಡಿಕೊಂಡು ಅಲ್ಲಿಯೇ ನಿಂತರು.